ಮೀಟರ್ ಓಡದಿದ್ದರೂ ಎಂಜಿನ್ ಆಯಿಲ್ ಕೆಡುತ್ತದೆ

ನಮ್ಮ ಚಳ್ಳಕೆರೆ ಕಡೆಯ ಒಣಭೂಮಿ ಹಳ್ಳಿಗಳಲ್ಲಿ ಎತ್ತಿನ ಗಾಡಿ ಹೋಗಿ ಅದರ ಜಾಗಕ್ಕೆ ಡೀಸೆಲ್ ಪಿಕಪ್ ಬಂದು ಬಹಳ ವರ್ಷವಾಯಿತು. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ಔಷಧಿ ಹೊಡೆಯೋಕೆ ನೀರಿನ ಡ್ರಮ್ಮು, ಸುಗ್ಗಿಯಲ್ಲಿ ಶೇಂಗಾ ಚೀಲ, ಎಲ್ಲಕ್ಕೂ ಅದೇ. ಎರಡು ಮೂರು ಕಿಲೋಮೀಟರ್ ಹೋಗೋದು, ನಿಲ್ಲಿಸೋದು, ಎರಡು ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ ವಾಪಸು ಬರೋದು. ವರ್ಷಕ್ಕೆ ಮೀಟರಿನಲ್ಲಿ ಐದು ಸಾವಿರ ದಾಟುವುದೇ ಕಷ್ಟ. "ಗಾಡಿ ಓಡೇ ಇಲ್ಲ, ಆಯಿಲ್ ಯಾಕೆ ಬದಲಿಸಬೇಕು?" ಅಂತ ಕೇಳುವವರು ಪ್ರತಿ ಊರಲ್ಲೂ ಇದ್ದಾರೆ.

ಈ ಲೆಕ್ಕ ಎಂಜಿನ್ನಿಗೆ ಒಪ್ಪುವುದಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರ್ ಒಂದೇ ಸಮನೆ ಓಡುವ ಲಾರಿಯ ಆಯಿಲ್‌ಗಿಂತ ದಿನಕ್ಕೆ ಹನ್ನೆರಡು ಕಿಲೋಮೀಟರನ್ನು ನಾಲ್ಕು ತುಂಡು ಮಾಡಿ ಓಡುವ ನಮ್ಮ ಪಿಕಪ್ಪಿನ ಆಯಿಲ್, ಕಿಲೋಮೀಟರ್ ಲೆಕ್ಕದಲ್ಲಿ, ಬಹಳ ಬೇಗ ಕೆಡುತ್ತದೆ.

ಹೋದ ಸುಗ್ಗಿಯಲ್ಲಿ ನಾನು ಒಂದು ತಿಂಗಳು ಗಾಡಿಯ ಮುಂದೆ ಒಂದು ಚೀಟಿ ಇಟ್ಟು ಸ್ಟಾರ್ಟ್ ಮಾಡಿದಾಗೆಲ್ಲ ಗೀಟು ಹಾಕಿದೆ. ಒಟ್ಟು 118 ಗೀಟು. ಓಡಿದ್ದು ಸುಮಾರು 420 ಕಿಲೋಮೀಟರ್. ಅದರಲ್ಲಿ ನಾಲ್ಕು ಸಲ ಮಾತ್ರ 22 ಕಿಲೋಮೀಟರ್ ದೂರದ ಮಂಡಿಗೆ ಹೋಗಿ ಬಂದದ್ದು. ಉಳಿದದ್ದೆಲ್ಲ ಹೊಲ-ಮನೆ, ಮನೆ-ಹೊಲ. ಅಂದರೆ ನೂರಕ್ಕೂ ಹೆಚ್ಚು ಸಲ ಎಂಜಿನ್ ಪೂರ್ತಿ ಕಾಯುವ ಮೊದಲೇ ಆಫ್ ಆಗಿದೆ.

"ಕಾದಿರುತ್ತಲ್ಲ, ಮುಳ್ಳು ಮಧ್ಯಕ್ಕೆ ಬಂದಿರುತ್ತೆ" ಅಂತ ನನ್ನ ಮಗ ವಾದ ಮಾಡಿದ. ಇಲ್ಲಿ ಎಲ್ಲರೂ ಎಡವುತ್ತಾರೆ. ಆ ಮುಳ್ಳು ತೋರಿಸುವುದು ಎಂಜಿನ್ ಸುತ್ತ ತಿರುಗುವ ನೀರಿನ, ಅಂದರೆ ಕೂಲೆಂಟಿನ ಬಿಸಿಯನ್ನು. ಕೆಳಗೆ ಚೇಂಬರಿನಲ್ಲಿರುವ ಆಯಿಲ್ ಕಾಯುವುದು ಅದಕ್ಕಿಂತ ತಡ. ನೀರು ಕಾದ ಎಷ್ಟೋ ಹೊತ್ತಿನ ಮೇಲೆ ಆಯಿಲ್ ಹದಕ್ಕೆ ಬರುತ್ತದೆ. ಮೂರು ಕಿಲೋಮೀಟರಿನಲ್ಲಿ ಅದು ಆಗುವ ಮಾತಲ್ಲ.

ಕಾಯದಿದ್ದರೆ ಏನಾಗುತ್ತದೆ? ಮೊದಲನೆಯದು ನೀರು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬೋದು ಕಷ್ಟ, ಆದರೆ ನಿಜ. ಡೀಸೆಲ್ಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಸೇರಿ ಆವಿಯಾಗುತ್ತದೆ. ಹೆಚ್ಚಿನದೆಲ್ಲ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ತುದಿಯಲ್ಲಿ ನೀರು ತೊಟ್ಟಿಕ್ಕುವುದನ್ನು ನೀವೂ ನೋಡಿರುತ್ತೀರಿ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗಿನ ಸಂದಿಯಿಂದ ಕೆಳಗಿಳಿದು ಆಯಿಲ್ ಚೇಂಬರಿಗೆ ಬರುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಮತ್ತೆ ಆವಿಯಾಗಿ ಬ್ರೀದರ್ ಪೈಪಿನಲ್ಲಿ ಹೋಗುತ್ತದೆ. ತಣ್ಣಗಿದ್ದರೆ ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟುವ ಹಾಗೆ ಒಳಗೋಡೆಗೆ ಹನಿ ಕಟ್ಟಿ ಆಯಿಲ್ಲಿಗೆ ಇಳಿಯುತ್ತದೆ. ನಾಳೆ ಮತ್ತೆ ಅಷ್ಟು, ನಾಡಿದ್ದು ಮತ್ತೆ ಅಷ್ಟು.

ನಮ್ಮದು ಬಿಸಿಲು ಸೀಮೆ, ನಮಗೇನು ಅಂತ ಅನ್ನಿಸಬಹುದು. ಬೇಸಿಗೆಯಲ್ಲಿ ತೊಂದರೆ ಸ್ವಲ್ಪ ಕಡಿಮೆ, ಒಪ್ಪುತ್ತೇನೆ. ಆದರೆ ಹೊರಗೆ 38 ಡಿಗ್ರಿ ಇದ್ದರೂ ಆಯಿಲ್ 90ರ ಆಸುಪಾಸಿಗೆ ಬರಬೇಕು. ಬಿಸಿಲು ಆ ಕೆಲಸ ಮಾಡಿಕೊಡುವುದಿಲ್ಲ.

ಎರಡನೆಯದು ಡೀಸೆಲ್. ತಣ್ಣಗಿರುವ ಸಿಲಿಂಡರಿನಲ್ಲಿ ಸಿಡಿದ ಡೀಸೆಲ್ ಎಲ್ಲವೂ ಉರಿಯುವುದಿಲ್ಲ. ಉಳಿದದ್ದು ಗೋಡೆಗೆ ಅಂಟಿ, ಅಲ್ಲಿದ್ದ ಆಯಿಲ್ಲಿನ ತೆಳು ಪದರವನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ನೀರಾದರೆ ಒಂದು ಉದ್ದ ಓಟದಲ್ಲಿ ಹಾರಿಹೋಗುತ್ತದೆ, ಡೀಸೆಲ್ ಅಷ್ಟು ಸುಲಭಕ್ಕೆ ಹಾರುವುದಿಲ್ಲ. ಪೆಟ್ರೋಲಿಗಿಂತ ಅದಕ್ಕೆ ಹೆಚ್ಚು ಬಿಸಿ ಬೇಕು. ಹಾಗಾಗಿ ಅದು ಆಯಿಲ್ಲಿನಲ್ಲೇ ಉಳಿದು ಆಯಿಲ್ಲನ್ನು ತೆಳ್ಳಗೆ ಮಾಡುತ್ತದೆ. ನಮ್ಮ ಅಪ್ಪ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಗಾಡಿಯ ಅಚ್ಚಿಗೆ ಕೀಲೆಣ್ಣೆ ಮಾಡುತ್ತಿದ್ದ. ಅದಕ್ಕೆ ಸೀಮೆಎಣ್ಣೆ ಬೆರೆಸಿದರೆ ಹೇಗಿರುತ್ತೆ? ಕಪ್ಪಗೇನೋ ಇರುತ್ತದೆ, ಅಚ್ಚಿಗೆ ನಿಲ್ಲುವುದಿಲ್ಲ. (ಎತ್ತಿನ ಗಾಡಿಗೆ ಒಂದು ಹೆಚ್ಚುಗಾರಿಕೆ ಇತ್ತು ನೋಡಿ, ಹತ್ತು ಸಲ ನಿಂತು ಹೊರಟರೂ ಅದಕ್ಕೆ ಏನೂ ಆಗುತ್ತಿರಲಿಲ್ಲ.)

ಹೊಸ ಗಾಡಿಗಳಲ್ಲಿ ಇನ್ನೊಂದು ತೊಡಕು ಸೇರಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಡಿಪಿಎಫ್ ಅನ್ನುತ್ತಾರೆ. ಮಸಿ ತುಂಬಿದಾಗ ಅದನ್ನು ಸುಡಲು ಗಾಡಿ ತಾನೇ ಸ್ವಲ್ಪ ಹೆಚ್ಚಿನ ಡೀಸೆಲ್ ಬಿಟ್ಟು ಫಿಲ್ಟರನ್ನು 550-600 ಡಿಗ್ರಿಯವರೆಗೆ ಕಾಯಿಸುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಓಡಬೇಕು. ನಾವು ಐದೇ ನಿಮಿಷಕ್ಕೆ ಕಣದ ಹತ್ತಿರ ಕೀ ತಿರುಗಿಸುತ್ತೇವೆ. ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಬಿಟ್ಟ ಡೀಸೆಲ್ಲಿನಲ್ಲಿ ಒಂದಿಷ್ಟು ಆಯಿಲ್ಲಿಗೆ ಇಳಿಯುತ್ತದೆ. ಮುಂದಿನ ಸಲ ಮತ್ತೆ ಮೊದಲಿಂದ. ಆ ದೀಪ ಹತ್ತಿದಾಗ ಮನೆ ಬಂತು ಅಂತ ನಿಲ್ಲಿಸದೆ ಟಾರು ರಸ್ತೆಗೆ ಹತ್ತಿಸಿ ದೀಪ ಆರುವವರೆಗೆ ಓಡಿಸಬೇಕು.

ಮೂರನೆಯದು ಹುಳಿ. ನೀರು, ಹೊಗೆ, ಮಸಿ ಸೇರಿ ಆಯಿಲ್ ನಿಧಾನಕ್ಕೆ ಆಮ್ಲವಾಗುತ್ತದೆ. ಮಲೆನಾಡಿನವರು ಹುಳಿ ಮಣ್ಣಿಗೆ ಸುಣ್ಣ ಹಾಕುತ್ತಾರಲ್ಲ, ಹಾಗೇ ಆಯಿಲ್ಲಿನಲ್ಲೂ ಹುಳಿ ಮುರಿಯುವ ಕ್ಷಾರದ ವಸ್ತು ಬೆರೆಸಿಯೇ ಕಳಿಸಿರುತ್ತಾರೆ. ಅದು ಖರ್ಚಾಗುತ್ತಾ ಬರುತ್ತದೆ. ಮುಗಿದ ಮೇಲೆ ಬೇರಿಂಗಿನ ಲೋಹಕ್ಕೆ ಹುಳಿ ಹಿಡಿಯುತ್ತದೆ. ಈಗಿನ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ, ಹಾಗಾಗಿ ಈ ಹಾವಳಿ ಮೊದಲಿನಷ್ಟಿಲ್ಲ. ಹೋಗಿಯೂ ಇಲ್ಲ.

ನಮ್ಮೂರಿನ ಒಬ್ಬರ ಗಾಡಿ ಎರಡು ವರ್ಷಕ್ಕೆ ಒಂಬತ್ತು ಸಾವಿರ ಓಡಿತ್ತು. ಹತ್ತು ಸಾವಿರಕ್ಕೆ ಬದಲಿಸಿದರಾಯ್ತು ಅಂತ ಕಾದಿದ್ದರು. ಪ್ರತಿ ಸಲ ಕಡ್ಡಿ ತೆಗೆದು ನೋಡಿ "ನಮ್ಮ ಗಾಡಿ ಒಂದು ತೊಟ್ಟು ಆಯಿಲ್ ಕುಡಿಯಲ್ಲ, ನೋಡಿ ಯಜಮಾನ್ರೆ, ಮೇಲಿನ ಗೆರೆಗಿಂತ ಒಂದು ನೂಲು ಮೇಲೇ ಐತೆ" ಅಂತ ಹೆಮ್ಮೆ ಪಡೋರು. ಆ ಮೇಲಿನ ನೂಲೇ ಡೀಸೆಲ್ಲು. ಶೇಂಗಾ ಚೀಲ ಹೇರಿಕೊಂಡು ಏರು ಹತ್ತುವಾಗ ಬೇರಿಂಗ್ ಕಟಕಟ ಅಂತು. ಎಂಜಿನ್ ಇಳಿಸಿ ಕ್ರ್ಯಾಂಕ್ ಕೆಲಸ, ಟರ್ಬೊ ಎಲ್ಲ ಸೇರಿ ಆದ ಖರ್ಚು ಆ ವರ್ಷ ಅವರ ನಾಲ್ಕೆಕರೆ ಶೇಂಗಾದಲ್ಲಿ ಕೈಗೆ ಬಂದ ಹಣಕ್ಕಿಂತ ಹೆಚ್ಚು. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಸಾಮಾನು. ಅದು ನಿಂತಿರುವುದೂ ಇದೇ ಆಯಿಲ್ಲಿನ ಮೇಲೆ.

ಹಾಗಾಗಿ ಆಯಿಲ್ ಇಳಿದರೆ ಮಾತ್ರವಲ್ಲ, ಏರಿದರೂ ಹೆದರಬೇಕು. ವಾರಕ್ಕೊಮ್ಮೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟು ಜಾಗದಲ್ಲಿ ಕಡ್ಡಿ ಎಳೆದು ನೋಡಿ. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ ಗೊತ್ತಾಗುತ್ತದೆ. ಒಂದು ತೊಟ್ಟನ್ನು ಶಾಯಿ ಹೀರುವ ಕಾಗದದ ಮೇಲೆ ಬಿಟ್ಟು ರಾತ್ರಿ ಇಡಿ. ನಡುವಿನ ಕರಿ ಕಲೆಯ ಸುತ್ತ ಅಗಲವಾಗಿ ತೆಳು ಬಣ್ಣದ ಬಳೆ ಹರಡಿದ್ದರೆ ಡೀಸೆಲ್ ಸೇರಿದೆ ಅಂತ ಅನುಮಾನಿಸಬೇಕು. ನೀರಿದೆಯೇ ನೋಡಲು ಹಳೇ ತವೆಯನ್ನು ಚೆನ್ನಾಗಿ ಕಾಯಿಸಿ, ಒಲೆಯಿಂದ ದೂರ ತಂದು ಒಂದು ತೊಟ್ಟು ಬಿಡಿ. ಒಗ್ಗರಣೆಯ ಹಾಗೆ ಚಟಪಟ ಅಂದರೆ ನೀರಿದೆ. ಮುಖ ದೂರವಿರಲಿ, ಅಡಿಗೆಯ ತವೆ ಬೇಡ.

ಆಯಿಲ್ ಹಾಕುವ ಮುಚ್ಚಳದ ಒಳಮೈಗೆ ಬೆಣ್ಣೆ ತೆಗೆಯುವ ಮೊದಲಿನ ನೊರೆಯಂತೆ ಬೆಳ್ಳಗೆ ಅಂಟಿದ್ದರೆ ಅದು ಹೆಚ್ಚಾಗಿ ಈ ಸಣ್ಣ ಓಡಾಟದ ನೀರೇ. ಆದರೆ ಕಡ್ಡಿಯಲ್ಲೂ ಆಯಿಲ್ ಹಾಲು ಬೆರೆಸಿದ ಹಾಗಿದ್ದು, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಅದು ಬೇರೆ ಕಾಯಿಲೆ, ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಆಯಿಲ್ ಮೇಲಿನ ಗೆರೆ ದಾಟಿ ಏರಿದ್ದರೆ ಆ ಗಾಡಿ ಓಡಿಸಬೇಡಿ. ಹೆಚ್ಚಾದ ಆಯಿಲ್ಲನ್ನು ಬ್ರೀದರಿನಿಂದ ಎಂಜಿನ್ನೇ ಎಳೆದುಕೊಂಡು, ಕೀ ತೆಗೆದರೂ ನಿಲ್ಲದೆ ಭರ್ರೋ ಅಂತ ಓಡಿ ಒಡೆದುಹೋಗುವುದುಂಟು.

ಇನ್ನು ಉಪಾಯ. ಮನೆ ಮುಂದೆ ಹತ್ತು ನಿಮಿಷ ಗಾಡಿ ಸುಮ್ಮನೆ ಗುರುಗುಟ್ಟಿಸುವ ರೂಢಿ ಬಿಡಿ. ಡೀಸೆಲ್ ಎಂಜಿನ್ ಭಾರ ಎಳೆದರೆ ಕಾಯುತ್ತದೆ, ಸುಮ್ಮನೆ ನಿಂತು ಕಾಯುವುದಿಲ್ಲ. ನಿಲ್ಲಿಸಿ ಓಡಿಸಿದಷ್ಟೂ ಡೀಸೆಲ್ ಕೆಳಗಿಳಿಯುವುದೇ ಹೆಚ್ಚು. ಅರ್ಧ ನಿಮಿಷ ಬಿಟ್ಟು ನಿಧಾನಕ್ಕೆ ಹೊರಡುವುದು ಸರಿ. ಓಡಾಟಗಳನ್ನು ಜೋಡಿಸಿ. ಮೇವು ಬೆಳಿಗ್ಗೆ, ನೀರು ಮಧ್ಯಾಹ್ನ, ಚೀಲ ಸಂಜೆ ಅಂತ ಮೂರು ಸಲ ತಣ್ಣಗಿನ ಎಂಜಿನ್ ಎಬ್ಬಿಸುವ ಬದಲು ಬಿಸಿ ಇದ್ದಾಗಲೇ ಒಂದರ ಹಿಂದೆ ಒಂದು ಮುಗಿಸಿದರೆ ಅರ್ಧ ಕೇಡು ತಪ್ಪುತ್ತದೆ. ಬೀಡಿ, ಸಕ್ಕರೆ ತರೋಕೆ ಸೈಕಲ್ ಇದೆ. ವಾರಕ್ಕೊಮ್ಮೆ ಸಂತೆಗೋ ಮಂಡಿಗೋ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಒಂದೇ ಓಟ ಓಡಿಸಿ.

ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಂಜಿನ್ ಹೀಟ್ ಆಗುತ್ತದೆ ಅಂತ ದೂರಿದರೆ ಕೆಲವು ಮೆಕ್ಯಾನಿಕ್‌ಗಳು ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಾರೆ. ಅದು ನೀರು ಕಾಯುವವರೆಗೆ ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು. ಅದಿಲ್ಲದ ಎಂಜಿನ್ ಚಳಿಗಾಲದಲ್ಲಿ ಹತ್ತು ಕಿಲೋಮೀಟರ್ ಓಡಿದರೂ ಸರಿಯಾಗಿ ಕಾಯುವುದಿಲ್ಲ. ಹಳೇ ಗಾಡಿ ಕೊಂಡವರು ಮೊದಲು ಇದನ್ನು ತೆಗೆಸಿ ನೋಡಿ. ಕೆಟ್ಟಿದ್ದರೆ ಹೊಸದು ಹಾಕಿಸಿ. ಎಂಜಿನ್ ಕೆಲಸದ ಮುಂದೆ ಅದರ ಬೆಲೆ ಏನೂ ಅಲ್ಲ.

ಆಯಿಲ್ ಬದಲಿಸುವ ದಿನವನ್ನು ಮೀಟರಿಗೆ ಬಿಡಬೇಡಿ. ಗಾಡಿಯ ಪುಸ್ತಕದಲ್ಲಿ "ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು" ಅಂತ ಇರುತ್ತದೆ. ಎರಡನೇ ಅರ್ಧವನ್ನು ಯಾರೂ ಓದುವುದಿಲ್ಲ. ಧೂಳು, ಸಣ್ಣ ಓಡಾಟ ಇದ್ದರೆ ಇನ್ನೂ ಬೇಗ ಬದಲಿಸಿ ಅಂತಲೂ ಬಹಳ ಪುಸ್ತಕಗಳಲ್ಲಿ ಬರೆದಿರುತ್ತದೆ. ಟ್ರ್ಯಾಕ್ಟರಿಗೆ ನಾವು ಕಿಲೋಮೀಟರ್ ಕೇಳುತ್ತೇವಾ? ಗಂಟೆ ನೋಡುತ್ತೇವೆ. ನಾನು ಪಿಕಪ್ಪಿಗೆ ಆರು ತಿಂಗಳ ಲೆಕ್ಕ ಇಟ್ಟುಕೊಂಡಿದ್ದೇನೆ: ಮುಂಗಾರು ಬಿತ್ತನೆಗೆ ಮುಂಚೆ ಒಂದು ಸಲ, ಶೇಂಗಾ ಕಿತ್ತು ಮಾರಿದ ಮೇಲೆ ಒಂದು ಸಲ, ಫಿಲ್ಟರ್ ಸಮೇತ. ಮಂಡಿಯಿಂದ ಬಂದ ಕೂಡಲೇ, ಬಿಸಿ ಇದ್ದಾಗ ಇಳಿಸಿದರೆ ತಳದ ಗಸಿಯೂ ಬರುತ್ತದೆ. ಕೈ ಸುಟ್ಟೀತು, ಜೋಪಾನ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಅಂಗಡಿಯವರು ಕೊಟ್ಟದ್ದನ್ನು ತರದೆ ಪುಸ್ತಕದಲ್ಲಿರುವ ಗ್ರೇಡನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇಳಿಸಿದ ಹಳೇ ಆಯಿಲ್ಲನ್ನು ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಬಳಿಯುವುದು, ಬದುವಿಗೆ ಚೆಲ್ಲುವುದು ನಮ್ಮಲ್ಲಿ ಇದೆ. ಅದರಲ್ಲಿರುವ ವಿಷ ಮಳೆ ನೀರಿನ ಜೊತೆ ಬಾವಿಗೇ ಬರುತ್ತದೆ. ನಾನು ಕ್ಯಾನಿಗೆ ತುಂಬಿಟ್ಟು, ಹಳೇ ಆಯಿಲ್ ಸಂಗ್ರಹಿಸಿ ಕಳಿಸುವ ಗ್ಯಾರೇಜಿಗೆ ಮುಂದಿನ ಸಲ ಚಳ್ಳಕೆರೆಗೆ ಹೋಗುವಾಗ ಕೊಟ್ಟು ಬರುತ್ತೇನೆ.