ಕಳ್ಳ ಮತ ಹಿಡಿಯುವ ಯಂತ್ರ

2010ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದವರು ಉಡುಪು, ಹಾಸಿಗೆ ಬಟ್ಟೆ, ನೆಲಹಾಸು ಎಂದು ಗೂಗಲ್‌ನಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದದ್ದು ಜೆ.ಸಿ. ಪೆನ್ನಿ ಮಳಿಗೆಯ ಜಾಲತಾಣ. ಸ್ಯಾಮ್ಸನೈಟ್ ಸೂಟ್‌ಕೇಸ್ ಹುಡುಕಿದವರಿಗೂ ಸ್ಯಾಮ್ಸನೈಟ್ ಕಂಪನಿಗಿಂತ ಮೊದಲು ಪೆನ್ನಿಯೇ ಸಿಗುತ್ತಿತ್ತು. 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದರ ಮೂಲ ಕೆದಕಿತು. ಗೊರಕೆ, ಮೀನುಗಾರಿಕೆ, ದಂತವೈದ್ಯರ ಕುರಿತ ತಾಣಗಳೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಪೆನ್ನಿಯ ಉಡುಪುಗಳತ್ತ ಕರೆದೊಯ್ಯುವ ಲಿಂಕ್‌ಗಳನ್ನು ನೆಟ್ಟಿದ್ದರು. ತಮಗಿದು ಗೊತ್ತೇ ಇರಲಿಲ್ಲ ಎಂದು ಮಳಿಗೆ ಹೇಳಿತು. ಗೂಗಲ್ ಕ್ರಮ ಕೈಗೊಂಡಿತು. ಎರಡೇ ಗಂಟೆಯಲ್ಲಿ ಆ ಸೂಟ್‌ಕೇಸಿನ ಹುಡುಕಾಟದಲ್ಲಿ ಪೆನ್ನಿ 1ನೇ ಸ್ಥಾನದಿಂದ 71ಕ್ಕೆ ಇಳಿಯಿತು.

ಗೊರಕೆಯ ಪುಟದಲ್ಲಿರುವ ಲಿಂಕ್ ಉಡುಪಿನ ಅಂಗಡಿಯನ್ನು ಮೇಲೆತ್ತುವುದು ಹೇಗೆ? ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ವಿವರಿಸಿದ ‘ಪೇಜ್‌ರ್‍ಯಾಂಕ್’ ಲೆಕ್ಕದಲ್ಲಿ ಲಿಂಕ್ ಎಂದರೆ ಒಂದು ಮತ. ಆದರೆ ಎಲ್ಲ ಮತಕ್ಕೂ ಒಂದೇ ತೂಕವಿಲ್ಲ. ಆರು ತೂಕದ ಪುಟದಲ್ಲಿ ಮೂರು ಲಿಂಕ್ ಇದ್ದರೆ ತಲಾ ಎರಡು ಪಾಲು ಹಂಚಿಹೋಗುತ್ತದೆ. ನೂರು ಇದ್ದರೆ ಚೂರುಪಾರು. ಕಣ್ಣುಮುಚ್ಚಿ ಲಿಂಕ್ ಒತ್ತುತ್ತಾ ಅಲೆಯುವ ಓದುಗನನ್ನು ಊಹಿಸಿಕೊಳ್ಳಿ. ನೂರರಲ್ಲಿ 85 ಸಲ ಎದುರಿಗಿರುವ ಯಾವುದೋ ಲಿಂಕ್ ಹಿಡಿದು ಮುಂದೆ ಹೋಗುತ್ತಾನೆ. 15 ಸಲ ಬೇಸತ್ತು ಬೇರೆಲ್ಲೋ ಜಿಗಿಯುತ್ತಾನೆ. ಇಂಥ ಅಲೆಮಾರಿ ಹೆಚ್ಚು ಹೊತ್ತು ಯಾವ ಪುಟದಲ್ಲಿ ಸಿಗುತ್ತಾನೋ ಅದರ ತೂಕ ಹೆಚ್ಚು.

ಮತ ಎಂದಮೇಲೆ ಅದನ್ನು ಕೊಳ್ಳುವವರೂ ಹುಟ್ಟಿಕೊಂಡರು. ಅವರನ್ನು ಹಿಡಿಯಲು 2012ರ ಏಪ್ರಿಲ್ 24ರಂದು ಗೂಗಲ್ ‘ಪೆಂಗ್ವಿನ್’ ಎಂಬ ಅಲ್ಗಾರಿದಮ್ ಬಿಟ್ಟಿತು. ಅದರ ಪೂರ್ತಿ ಸೂತ್ರವನ್ನು ಗೂಗಲ್ ಹೊರಗೆಡಹಿಲ್ಲ. ಆದರೂ ಕಳ್ಳ ಮತದ ಚಹರೆ ಅನುಭವಿಗಳಿಗೆ ಗೊತ್ತು. ಮನಸಾರೆ ಲಿಂಕ್ ಕೊಡುವವರಲ್ಲಿ ಒಬ್ಬರು ತಾಣದ ಹೆಸರು ಬರೆದರೆ ಇನ್ನೊಬ್ಬರು ‘ಇಲ್ಲಿ ನೋಡಿ’ ಎನ್ನುತ್ತಾರೆ. ಕೊಂಡ ಲಿಂಕ್‌ಗಳೋ ಸಾವಿರ ಕಡೆಯೂ ‘ಅಗ್ಗದ ಉಡುಪು’ ಎಂದು ಒಂದೇ ಪಾಠ ಒಪ್ಪಿಸುತ್ತವೆ.

ಕೆಳಗೆ ಬಿದ್ದ ತಾಣ ಏಳುವುದಕ್ಕೆ ಎರಡು ದಾರಿಗಳಿವೆ. ಪೆನ್ನಿಗಾದಂತೆ ಗೂಗಲ್ ಸಿಬ್ಬಂದಿಯೇ ಕೈಹಾಕಿದ್ದರೆ, ತಪ್ಪು ತಿದ್ದಿ ಮರುಪರಿಶೀಲನೆ ಕೋರಬಹುದು. ಮನುಷ್ಯರೊಬ್ಬರು ಅದನ್ನು ಓದುತ್ತಾರೆ. ಪೆನ್ನಿಯ ಶಿಕ್ಷೆ ಸುಮಾರು ಮೂರು ತಿಂಗಳಲ್ಲಿ ಮುಗಿಯಿತು. ಕೆಳಗಿಳಿಸಿದ್ದು ಅಲ್ಗಾರಿದಮ್ ಆದರೆ ನೋಟಿಸೂ ಇಲ್ಲ, ಮೇಲ್ಮನವಿಯೂ ಇಲ್ಲ. ಒಂದೊಂದೇ ತಾಣದ ಮಾಲೀಕರಿಗೆ ಪತ್ರ ಬರೆದು ‘ನಮ್ಮ ಲಿಂಕ್ ತೆಗೆಯಿರಿ’ ಎಂದು ಕೇಳಬೇಕು. ಜಗ್ಗದವರ ತಾಣಗಳ ವಿಳಾಸಗಳನ್ನು ಸಾಲಿಗೊಂದರಂತೆ ಒಂದು ಸಾದಾ ಫೈಲಿನಲ್ಲಿ ಬರೆದು, ‘ಇವು ನಮ್ಮ ಲೆಕ್ಕಕ್ಕೆ ಬೇಡ’ ಎಂದು ಗೂಗಲ್‌ಗೆ ಒಪ್ಪಿಸಬೇಕು. ಈ ಸೌಲಭ್ಯ ಬಂದದ್ದು 2012ರ ಅಕ್ಟೋಬರಿನಲ್ಲಿ.

ಫೈಲು ಕೊಟ್ಟ ಮರುದಿನವೇ ಫಲ ಸಿಗುವುದಿಲ್ಲ. ಜಾಲತಾಣಗಳನ್ನು ಸುತ್ತಿ ಓದುವ ಗೂಗಲ್‌ನ ತಂತ್ರಾಂಶವಾದ ಕ್ರಾಲರ್ ಆ ಪುಟಗಳಿಗೆಲ್ಲ ಮತ್ತೊಮ್ಮೆ ಹೋಗಿಬರಬೇಕು. ಮೊದಲ ವರ್ಷಗಳಲ್ಲಿ ಪೆಂಗ್ವಿನ್ ಆಗೊಮ್ಮೆ ಈಗೊಮ್ಮೆ ಮಾತ್ರ ಲೆಕ್ಕ ಹಾಕುತ್ತಿತ್ತು. 2014ರ ಅಕ್ಟೋಬರಿನ ಆವೃತ್ತಿಯ ನಂತರ ಮುಂದಿನದು ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಮನೆ ಗುಡಿಸಿಕೊಂಡು ಕೂತವರೂ ಹೆಚ್ಚುಕಡಿಮೆ ಎರಡು ವರ್ಷ ಕಾದರು. ತಿದ್ದಿಕೊಂಡವರನ್ನು ಅಷ್ಟು ಕಾಲ ಕಾಯಿಸಿದ್ದು ಅನ್ಯಾಯವೇ. 2016ರಿಂದ ಪೆಂಗ್ವಿನ್ ನಿತ್ಯದ ಲೆಕ್ಕದಲ್ಲೇ ಬೆರೆತಿದೆ. ಇಡೀ ತಾಣವನ್ನು ತುಳಿಯುವ ಬದಲು ಕಳ್ಳ ಮತಗಳನ್ನು ಎಣಿಕೆಯಿಂದ ಬಿಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ‘ಹಳೆಯ ಸ್ಥಾನ ಯಾಕೆ ಬರಲಿಲ್ಲ’ ಎಂದು ಕೇಳುವವರಿದ್ದಾರೆ. ಆ ಸ್ಥಾನವನ್ನು ಹೊತ್ತು ನಿಂತಿದ್ದದ್ದೇ ಕೊಂಡ ಮತಗಳು. ಅವನ್ನು ಕಳೆದ ಮೇಲೆ ಉಳಿಯುವುದೇ ತಾಣದ ನಿಜವಾದ ತೂಕ. ಒಂದು ಪುಟಕ್ಕೆ ಹತ್ತು ಫಲಿತಾಂಶ ಎಂದರೆ 71ನೇ ಸ್ಥಾನ ಸಿಗುವುದು ಎಂಟನೇ ಪುಟದಲ್ಲಿ. ಅಷ್ಟು ದೂರ ಹೋಗಿ ಹುಡುಕುವ ಗಿರಾಕಿ ಅಪರೂಪ. ಒಬ್ಬರು ಮೋಸದಿಂದ ಮೇಲೇರಿದಾಗಲೆಲ್ಲ ಪ್ರಾಮಾಣಿಕವಾಗಿ ಬರೆದ ಯಾರದೋ ಪುಟ ಒಂದು ಮೆಟ್ಟಿಲು ಕೆಳಗೆ ಸರಿದಿರುತ್ತದೆ. ತಾಣ ಚೇತರಿಸಿಕೊಂಡಿತೇ ಎಂದು ಅಳೆಯುವಾಗ ಆ ಮೆಟ್ಟಿಲು ಅವರಿಗೆ ಮರಳಿ ಸಿಕ್ಕಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.