ಐಸ್ ರಿಂಕಿನ ಸಮಯ ಹಂಚಿಕೆ

ಸಿಯಾಟಲ್ ಬಳಿಯ ಕರ್ಕ್‌ಲ್ಯಾಂಡ್‌ನಲ್ಲಿ ಸ್ನೋ-ಕಿಂಗ್ ಸಂಸ್ಥೆಯ ಐಸ್ ರಿಂಕ್ ಇದೆ. ನಮ್ಮವರ ಮಕ್ಕಳೂ ಈಗ ಸ್ಕೇಟ್ ಕಟ್ಟುತ್ತಿರುವುದರಿಂದ, ಇಂಥ ಕಡೆ ಸಮಯವನ್ನು ಹೇಗೆ ಹಂಚುವುದು ನ್ಯಾಯ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಉತ್ತರ ಅಮೆರಿಕದ ಹಾಕಿ ರಿಂಕ್ ಸಾಮಾನ್ಯವಾಗಿ 200 ಅಡಿ ಉದ್ದ, 85 ಅಡಿ ಅಗಲ. ಅದನ್ನು ಶೈತ್ಯಯಂತ್ರಗಳು ಹಗಲಿರುಳೂ ಕಾಯಬೇಕು. ಸರದಿಗಳ ನಡುವೆ ಝಾಂಬೋನಿ ಯಂತ್ರವು ಮೇಲ್ಪದರವನ್ನು ಹೆರೆದು, ನೀರು ಹಾಯಿಸಿ ನಯಗೊಳಿಸಬೇಕು. ಹಾಕಿಗೆ ಗಟ್ಟಿ ಐಸ್ ಹಿತ. ಜಿಗಿದು ಇಳಿಯುವ ಫಿಗರ್ ಸ್ಕೇಟರ್‌ಗೆ ತುಸು ಮೆದುವಾದುದು. ರಾತ್ರಿ ಹತ್ತರ ಗಂಟೆಯೂ ಸಂಜೆ ಐದರ ಗಂಟೆಯೂ ಲೆಕ್ಕದಲ್ಲಿ ಸಮ. ಶಾಲೆಗೆ ಹೋಗುವ ಮಗುವಿಗೆ ಸಮವಲ್ಲ.

ಕಳೆದ ವರ್ಷ ಪಡೆದವರಿಗೇ ಈ ವರ್ಷವೂ ಮೊದಲ ಹಕ್ಕು ಎಂಬ ರೂಢಿ ವ್ಯವಸ್ಥಿತವಾದರೂ ಹೊಸಬರನ್ನು ಹೊರಗಿಡುತ್ತದೆ. ನಗರ, ಕೌಂಟಿಗಳ ಸಮುದಾಯ ಕ್ರೀಡೆಗಳಲ್ಲಿ ಲಿಂಗತಾರತಮ್ಯವನ್ನು ವಾಷಿಂಗ್ಟನ್ ರಾಜ್ಯವು 2009ರ ಕಾನೂನಿನಿಂದ ನಿಷೇಧಿಸಿತು. ಆ ಆಶಯ ಖಾಸಗಿ ರಿಂಕ್‌ಗಳಿಗೂ ದಾರಿ ತೋರಬಲ್ಲದು.

ಇಲ್ಲಿ ನನಗೆ ನೆನಪಾಗುವುದು ಕೋಲಾರ ಸೀಮೆಯ ಕೆರೆಗಳ ನೀರುಗಂಟಿ. ತೂಬು ತೆರೆಯುವ ಕೆಲಸ ರೈತನದಲ್ಲ, ಅವನದು. ಕಡೆಯ ಗದ್ದೆಗೂ ನೀರು ಮುಟ್ಟಿಸುವುದು ಅವನ ಹೊಣೆ. ರಿಂಕಿನಲ್ಲಿಯೂ ಹಂಚುವವರು ಯಾವ ಸಂಘದ ಪಕ್ಷಪಾತಿಯೂ ಆಗಿರಬಾರದು. ಸದಸ್ಯರ ಸಂಖ್ಯೆಗೆ ತಕ್ಕಂತೆ ಗಂಟೆಗಳನ್ನು ಕೊಡಬೇಕು. ಅನುಕೂಲದ ಹೊತ್ತು, ಅನನುಕೂಲದ ಹೊತ್ತು ಸರದಿಯಲ್ಲಿ ತಿರುಗಬೇಕು. ಬಳಸದ ಗಂಟೆ ಎಲ್ಲರ ಪಾಲಿಗೆ ಮರಳಬೇಕು. ಇದರಿಂದ ಹಳೆಯ ಸಂಘಗಳಿಗೆ ಒಂದೆರಡು ಸಂಜೆ ತಪ್ಪಬಹುದು. ಆದರೆ ಹೊಸದಾಗಿ ಕಟ್ಟಿದ ಹುಡುಗಿಯರ ತಂಡಕ್ಕೆ ಆ ಒಂದೆರಡು ಸಂಜೆಗಳೇ ಆಟದ ಆರಂಭ.