ಕಾಣದ ಅನಿಲಕ್ಕೆ ಅಂತರಿಕ್ಷದ ಕಾವಲು

2019ರ ಫೆಬ್ರುವರಿಯ ಕೊನೆಯಲ್ಲಿ ಬಂಡೀಪುರದ ಅರಣ್ಯಕ್ಕೆ ಬೆಂಕಿ ಬಿದ್ದು, ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳು ಕರಿಕಾದಾಗ, ದಗ್ಧವಾದ ಭೂಮಿ ಹತ್ತು ಸಾವಿರ ಎಕರೆಗೂ ಮಿಕ್ಕಿದುದೆಂಬುದನ್ನು ಉಪಗ್ರಹಚಿತ್ರಗಳಿಂದ ಅಳೆದು ಹೇಳಿದವರು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ವಿಜ್ಞಾನಿಗಳು. ಕಾಡ್ಗಿಚ್ಚಿಗಾದರೋ ಹೊಗೆಯುಂಟು, ಜ್ವಾಲೆಯುಂಟು. ಕಾಡಂಚಿನ ರೈತನು ಹೊಲದ ಬದುವಿನಲ್ಲಿ ನಿಂತೇ ಅದನ್ನು ಕಾಣಬಲ್ಲನು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಅನಿಲವೊಂದು ದೂರದೇಶದ ಎಣ್ಣೆಬಾವಿಯಿಂದ ಹಗಲಿರುಳೂ ಸೋರುತ್ತಿದ್ದರೆ ಅದನ್ನು ಕಾಣುವವರಾರು?

ಆ ಅನಿಲವೇ ಮೀಥೇನ್. ಚಾಮರಾಜನಗರದ ಸೀಮೆಯಲ್ಲಿ ಎಣ್ಣೆಬಾವಿಗಳಿಲ್ಲದಿದ್ದರೂ ಅದು ನಮಗೆ ಅಪರಿಚಿತವಲ್ಲ. ಸಗಣಿಯ ಗೋಬರ್ ಗ್ಯಾಸಿನ ಒಲೆಯಲ್ಲಿ ನೀಲಿಯಾಗಿ ಉರಿಯುವುದು ಇದೇ. ಒಲೆಯಲ್ಲಿ ಉರಿದರೆ ಉಪಕಾರಿಯಾದ ಈ ವಸ್ತು, ಉರಿಯದೆ ಗಾಳಿಯಲ್ಲಿ ಬೆರೆತರೆ, ಇಪ್ಪತ್ತು ವರ್ಷಗಳ ಅವಧಿಯಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಎಂಬತ್ತು ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಆದರೆ ವಾಯುಮಂಡಲದಲ್ಲಿ ಅದರ ಆಯುಷ್ಯ ಹನ್ನೆರಡು ವರ್ಷಗಳಷ್ಟೇ ಆದುದರಿಂದ, ಇಂದು ಸೋರಿಕೆಯನ್ನು ತಡೆದವರು ಅದರ ಫಲವನ್ನು ತಮ್ಮ ಕಾಲದಲ್ಲಿಯೇ ಕಾಣಬಹುದು.

ಕಣ್ಣಿಗೆ ಕಾಣದ ಈ ಅನಿಲವನ್ನು ಉಪಗ್ರಹವು ಕಾಣಬಲ್ಲುದು. ಭೂಮಿಗೆ ತಾಗಿ ಮರಳುವ ಸೂರ್ಯಪ್ರಕಾಶದಲ್ಲಿ ಮೀಥೇನಿನ ಅಣುಗಳು ಅವಕೆಂಪಿನ ಕೆಲವು ನಿರ್ದಿಷ್ಟ ತರಂಗಗಳನ್ನು ಮಾತ್ರ ಹೀರಿಕೊಳ್ಳುತ್ತವೆ. ಹೀಗೆ ಲೋಪವಾದ ಬೆಳಕನ್ನು ಅಳೆದು ಉಪಗ್ರಹವು ಅನಿಲದ ಪ್ರಮಾಣವನ್ನು ನಿರ್ಣಯಿಸುತ್ತದೆ. 2017ರಲ್ಲಿ ಯೂರೋಪಿನವರು ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಉಪಕರಣವು ಪ್ರತಿದಿನವೂ ಭೂಗೋಲವನ್ನೆಲ್ಲ ನೋಡುವುದಾದರೂ, ಅದರ ನೋಟದ ಒಂದೊಂದು ಬಿಂದುವೂ ಹಲವು ಕಿಲೋಮೀಟರುಗಳಷ್ಟು ವಿಸ್ತಾರವಾದುದು. ಒಂದೊಂದು ಸ್ಥಾವರವನ್ನೇ ಹತ್ತಿರದಿಂದ ಪರೀಕ್ಷಿಸಲೆಂದು ಕೆನಡಾದ ಜಿಎಚ್‌ಜಿಸ್ಯಾಟ್ ಸಂಸ್ಥೆಯ 'ಕ್ಲೇರ್' ಎಂಬ ಪುಟ್ಟ ಉಪಗ್ರಹವನ್ನು 2016ರ ಜೂನ್ 22ರಂದು ಶ್ರೀಹರಿಕೋಟೆಯಿಂದ ಕಕ್ಷೆಗೆ ಸೇರಿಸಿದುದು, ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ನಮ್ಮ ಇಸ್ರೋದ ಪಿಎಸ್‌ಎಲ್‌ವಿ-ಸಿ34 ವಾಹನವೇ ಎಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ.

ಆದರೆ ಕಂಡಮಾತ್ರಕ್ಕೆ ಕಾರ್ಯ ಸಿದ್ಧಿಸುವುದಿಲ್ಲ. ಬಂಡೀಪುರದ ಬೆಂಕಿಯನ್ನು ಆರಿಸಿದವರು ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದ ಅರಣ್ಯ ಸಿಬ್ಬಂದಿ, ಅವರೊಡನೆ ನಿಂತ ಜನ, ನೀರು ಸುರಿದ ವಾಯುಪಡೆಯ ಹೆಲಿಕಾಪ್ಟರುಗಳೇ ಹೊರತು ಉಪಗ್ರಹವಲ್ಲ. ಎಣ್ಣೆ ಮತ್ತು ಅನಿಲದ ಸ್ಥಾವರಗಳಲ್ಲಿ ಕಂಡುಬಂದ ದೊಡ್ಡ ಸೋರಿಕೆಗಳನ್ನು ಕುರಿತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು, ಉಪಗ್ರಹಗಳ ನೆರವಿನಿಂದ ಎಚ್ಚರಿಸುವ ತನ್ನ ವ್ಯವಸ್ಥೆಯ ಮೊದಲ ಎರಡು ವರ್ಷಗಳಲ್ಲಿ, ಸರಕಾರಗಳಿಗೂ ಕಂಪನಿಗಳಿಗೂ ಸುಮಾರು 1,200 ಸೂಚನೆಗಳನ್ನು ಕಳುಹಿಸಿದರೆ, ಸಾರವತ್ತಾದ ಉತ್ತರ ಬಂದುದು ನೂರಕ್ಕೆ ಒಂದಕ್ಕೆ ಮಾತ್ರ! ಎಚ್ಚತ್ತ ಕಡೆ ಆಗುವ ಲಾಭವಾದರೂ ಸಾಮಾನ್ಯವಲ್ಲ: ಆಲ್ಜೀರಿಯಾದ ಹಾಸ್ಸಿ ಮೆಸ್ಸೌದಿನಲ್ಲಿ ಕನಿಷ್ಠ 1999ರಿಂದ ಸೋರುತ್ತಿದ್ದ ಮೀಥೇನನ್ನು ಇಂಥದೇ ಸೂಚನೆಯ ಮೇಲೆ 2024ರಲ್ಲಿ ನಿಲ್ಲಿಸಲಾಯಿತು.

ಭಾರತವು ತನಗೆ ಬೇಕಾದ ಕಚ್ಚಾತೈಲದ ಬಹುಭಾಗವನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಗುಂಡ್ಲುಪೇಟೆಯ ಟ್ರ್ಯಾಕ್ಟರಿನ ಡೀಸೆಲಿಗೂ ಅಂಥದೊಂದು ಬಾವಿಯೇ ಮೂಲವಿರಬಹುದು. ಹಾಗಿರಲು, ನಿಮ್ಮ ಬಾವಿ ಎಷ್ಟು ಸೋರುತ್ತಿದೆ, ಅದನ್ನು ಎಂದು ಮುಚ್ಚುವಿರಿ ಎಂದು ಮಾರುವವನನ್ನು ಕೇಳುವ ಅಧಿಕಾರ ಕೊಳ್ಳುವವನಿಗಿದೆ. ಸಾಕ್ಷ್ಯವನ್ನು ಉಪಗ್ರಹಗಳು ಒದಗಿಸಿವೆ. ಅದನ್ನು ಮುಂದಿಟ್ಟು ಕೇಳುವುದು ನಮ್ಮ ಕರ್ತವ್ಯ.